ರಸೀದಿ ನಂಬರ್ ನಲವತ್ತೊಂದು

ಮಂಡಕ್ಕಿ ಭಟ್ಟಿಯ ಒಲೆ ಆರಿಸಿ
ಖಲೀಲ್ ಸಾಬರು ಬೀಗದ ಕೈ ಕೊಟ್ಟಾಗ
ಮರಳು ಇನ್ನೂ ಬೆಚ್ಚಗಿತ್ತು.
ಮೊದಲ ರಾತ್ರಿ ಬಂದ ಹದಿನೇಳು ನಾಯಿ
ಯಾರೂ ಹೇಳದೆ ಹೋಗಿ
ಆ ಮರಳಿನ ಸುತ್ತಲೇ ಮಲಗಿದವು.
ಒದ್ದೆ ಮೈಗಳಿಂದ ಹಬೆ ಎದ್ದಿತು,
ಭಟ್ಟಿ ಮತ್ತೆ ಹೊತ್ತಿದೆಯೇನೋ ಅನ್ನುವ ಹಾಗೆ.

ನಾನು ದಾವಣಗೆರೆ ದನದ ಆಸ್ಪತ್ರೆಯ ಕಂಪೌಂಡರ್.
ಇಪ್ಪತ್ತೆರಡು ವರ್ಷ
ಎಮ್ಮೆಯ ಹೊಟ್ಟೆಯುಬ್ಬರ, ಕುರಿಯ ಜಂತುಹುಳ
ಇಷ್ಟೇ ಬರೆದ ಕೈಗೆ ಈಗ
ಉದ್ದನೆಯ ರಿಜಿಸ್ಟರು:
ಬಂದ ದಿನ. ಬಣ್ಣ. ಗಾಯ. ಕರೆಯುವ ಹೆಸರು.
ಯಜಮಾನರು ಯಾರು, ಯಾವ ಓಣಿ.

ಹೆಸರುಗಳನ್ನು ಕೇಳಬೇಕು ನೀವು.
ಬೆಲ್ಲ. ಪೈಲ್ವಾನ. ಗಾರ್ಡು.
ಮುನ್ಸಿಪಾಲಿಟಿ ಮೇಲಿನ ಸಿಟ್ಟಿಗೆ ಇಟ್ಟದ್ದು, ಮೆಂಬರು.
ಮೂರು ಕಾಲಿನ ಬೆಕ್ಕಿಗೆ, ಆಟೋ.
ಒಂದು ಹುಂಜ ಬಂತು, ಅದಕ್ಕೆ ಹೆಸರಿಲ್ಲ.
"ಹಬ್ಬಕ್ಕ ಅಂತ ಸಾಕಿದ್ದು" ಅಂದ ಹುಡುಗ
ದಿನಾ ಸಂಜೆ ಬಂದು ಅದರ ಪುಕ್ಕ ಒರೆಸುತ್ತಿದ್ದ.
ಹಬ್ಬ ಕಳೆಯಿತು. ಹುಂಜ ಇದೆ.

ಉಚ್ಚೆಂಗೆಮ್ಮ ಬಂದದ್ದು ಮೂರನೆಯ ದಿನ,
ಹರಿಹರದ ಹೊಳೆದಂಡೆಯಿಂದ, ಈರುಳ್ಳಿ ಲಾರಿಯಲ್ಲಿ.
ಹರಿದ ಗೋಣಿ ಹೊಲಿದು ಮಾರುವ ಹೆಂಗಸು.
ಚೀಲದೊಳಗೆ ನಾಯಿ, ಮುಸುಡಿ ಮಾತ್ರ ಹೊರಗೆ.
ಎರಡು ರಾತ್ರಿ ಕಾಳಜಿ ಕೇಂದ್ರದ ಗೇಟಿನಾಚೆಯೇ ಕೂತಿದ್ದಳಂತೆ,
ಶಾಲೆಯ ಒಳಗೆ ಮನುಷ್ಯರಿಗಷ್ಟೇ ಜಾಗ.
"ಒಳಗ ಅನ್ನ ಐತಿ ಬಾರವ್ವಾ ಅಂತಾರ.
ಇದನ್ನ ಹೊರಗ ಬಿಟ್ಟು ಉಂಡ್ರ
ಗಂಟಲಾಗ ಇಳಿತೈತೇನ್ರಿ?"

ಪೇಪರಿನವನು ಕೇಳಿದ:
ಹೊಳೆ ನುಗ್ಗಿದಾಗ ನಿಮ್ಮನ್ನು ಎಬ್ಬಿಸಿದ್ದು ಇದೇ ನಾಯಿಯಾ?
"ಇಲ್ರಿ, ನಾನೇ ಅದನ್ನ ಎಬ್ಬಿಸೀನಿ.
ಇದಕ್ಕ ಕಿವಿ ಕೇಳಂಗಿಲ್ಲ."
ಅವನು ಪೆನ್ನು ಮುಚ್ಚಿಟ್ಟ.
ನನ್ನ ಪೆನ್ನು ಅಲ್ಲೇ ನಿಂತಿತ್ತು, ಕರೆಯುವ ಹೆಸರಿನ ಕಾಲಮ್ಮಿನಲ್ಲಿ.
"ಕರೆಯಂಗಿಲ್ಲ. ನೆಲ ಬಡಿತೀನಿ. ಬರತೈತಿ."
ಹಾಗೇ ಬರೆದೆ: ನೆಲ ಬಡಿಯುವುದು.
ಸೀಲು ಒತ್ತಿ ಚೀಟಿ ಹರಿದು ಕೊಟ್ಟೆ.
ಎಲೆಯಡಿಕೆ ಸಂಚಿಯಲ್ಲಿ, ಸುಣ್ಣ ತಾಗದ ಕಡೆ
ಮಡಿಸಿಟ್ಟುಕೊಂಡಳು.

ಮನೆ ಬಿದ್ದವರ ಪಟ್ಟಿ ಬರೆಯುವ ಮೇಜು.
ಆಧಾರ್ ಕಾರ್ಡು ಎಲ್ಲಿ?
ಹೊಳಿಯಾಗ.
ರೇಷನ್ ಕಾರ್ಡು?
ಅದರ ಹಿಂದ ಹೋತು.
ಆ ಓಣಿಯಲ್ಲಿ ಇದ್ದೆ ಅನ್ನೋದಕ್ಕೆ ಏನಾದರೂ ಕಾಗದ?
ಸಂಚಿ ಬಿಚ್ಚಿದಳು.

ನಾಯಿ, ಹೆಣ್ಣು, ಕಂದು, ಬಲಗಿವಿ ಹರಿದಿದೆ.
ಯಜಮಾನರು ಉಚ್ಚೆಂಗೆಮ್ಮ.
ಹೊಳೆದಂಡೆ ಓಣಿ, ಹುಣಸೆಮರದ ಪಕ್ಕ, ತಗಡಿನ ಮನೆ.

ಫೋನು ಬಂತು ನನಗೆ.
"ನಾಯಿ ರಸೀದೀನ ದಾಖಲೆ ಅಂತ ಹೆಂಗ್ರೀ ತಗಳ್ಳೋದು?"
ನಾಯಿಗೆ ಮನೆ ಇತ್ತು ಅಂತ ಬರೆದೀನಲ್ಲ ಸಾರ್,
ಆ ಮನೆಯೊಳಗೆ ಯಾರೋ ಇದ್ದಿರಬೇಕಲ್ಲ.
ಆ ಕಡೆ ಫ್ಯಾನು ತಿರುಗುವ ಸದ್ದು, ಬಹಳ ಹೊತ್ತು.
ಪಟ್ಟಿಯಲ್ಲಿ ಹೆಸರು ಬಂತು,
ಪೆನ್ಸಿಲಿನಲ್ಲಿ.

ಹೊಳೆ ಇಳಿದ ಮೇಲೆ ಒಬ್ಬೊಬ್ಬರೇ ಬಂದರು.
ಬೆಲ್ಲನ ಮನೆಯವರು ಬರಲಿಲ್ಲ. ಫೋನು ಸ್ವಿಚ್ ಆಫ್.
ಬಯ್ಯಲು ನನಗೆ ಮನಸ್ಸು ಬರುವುದಿಲ್ಲ,
ಬಾಡಿಗೆ ಮನೆಯ ಓನರು ನಾಯಿ ಬೇಡ ಅಂದಿರಬಹುದು,
ಇನ್ನೂ ಮನೆಯೇ ಸಿಕ್ಕಿಲ್ಲದಿರಬಹುದು.
ಬೆಲ್ಲ ಈಗ ನನ್ನ ಸೈಕಲ್ಲಿನ ಹಿಂದೆ ಆಸ್ಪತ್ರೆಗೆ ಬರುತ್ತದೆ.

ಉಚ್ಚೆಂಗೆಮ್ಮ ಬಾಗಿಲಲ್ಲೇ ನಿಂತು
ಬರಿಗಾಲಲ್ಲಿ ನೆಲ ಬಡಿದಳು, ಎರಡು ಸಲ.
ಉಳಿದೆಲ್ಲವೂ ತಲೆ ಎತ್ತಿ ನೋಡಿದವು.
ಒಂದು ಎದ್ದು ಹೋಯಿತು.
ರಸೀದಿ ವಾಪಸ್ ಕೊಡಬೇಕವ್ವ, ರೂಲ್ಸು ಅಂದೆ.
"ನಾಯಿ ಒಯ್ತೀನಿ. ಚೀಟಿ ಕೊಡಂಗಿಲ್ಲ."
ರಿಜಿಸ್ಟರಿನಲ್ಲಿ ಆ ಜಾಗ ಹಾಗೇ ಖಾಲಿ ಬಿಟ್ಟಿದ್ದೇನೆ.

ಖಲೀಲ್ ಸಾಬರು ಒಲೆ ಹೊತ್ತಿಸುವ ಮುನ್ನ
ಮರಳನ್ನು ಜರಡಿ ಹಿಡಿದರು,
ಮತ್ತೆ ಹಿಡಿದರು, ಮೂರನೆಯ ಸಲವೂ.
ಪ್ರತಿ ಸಲ
ಒಂದೆರಡು ಕಂದು ಕೂದಲು.